ತುಂಗೆಯ ಮೀನಿಗೆ ಬಚ್ಚಲ ಹಂಡೆಯ ಬಿಸಿ

ನನ್ನ ಮೀನುಗಳಿಗೆ ಬಂದಿದ್ದ ಬಿಳಿ ಚುಕ್ಕಿ ರೋಗದ ಕೊನೆಯ ಚುಕ್ಕಿ ಹೋಗಿ ಇವತ್ತಿಗೆ 10 ದಿನ. ನಾಲ್ಕು ಜೀಬ್ರಾ ಲೋಚ್‌ಗಳೂ (ಮೈಮೇಲೆ ಪಟ್ಟೆಯಿರುವ ಸಣ್ಣ ಹೊಳೆಮೀನು) ಚೆನ್ನಾಗಿವೆ. ತಂದದ್ದು ಐದು. ಒಂದನ್ನು ಉಳಿಸಿಕೊಳ್ಳಲು ಆಗಲಿಲ್ಲ, ಆ ಬೇಜಾರು ಇನ್ನೂ ಇದೆ.

ಈ ಮೀನಿನ ಮೇಲೆ ನನಗೆ ಇಷ್ಟು ಆಸೆ ಯಾಕೆ ಅಂದರೆ ಇದು ನಮ್ಮ ಹೊಳೆಯದು. ವೈಜ್ಞಾನಿಕ ಹೆಸರು ಬೋಟಿಯಾ ಸ್ಟ್ರಯೇಟಾ. 1920ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಇದಕ್ಕೆ ಹೆಸರಿಟ್ಟದ್ದು ಶಿವಮೊಗ್ಗ ಸೀಮೆಯ ತುಂಗಾ ನದಿಯಲ್ಲಿ ಸಿಕ್ಕ ಮೀನು ನೋಡಿ. ಪಶ್ಚಿಮ ಘಟ್ಟದ ನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಈಗ ಅಳಿವಿನಂಚಿನಲ್ಲಿದೆ. ತೀರ್ಥಹಳ್ಳಿ ಪಕ್ಕದಲ್ಲೇ ಬೆಳೆದ ನಾನು ಇದನ್ನು ಮೊದಲು ಕಣ್ಣಾರೆ ನೋಡಿದ್ದು ಬೆಂಗಳೂರಿನ ಒಂದು ಅಂಗಡಿಯಲ್ಲಿ! ಹೊಳೆಯಲ್ಲಿ ಹಿಡಿದದ್ದಾ, ಸಾಕಿ ಮರಿ ಮಾಡಿಸಿದ್ದಾ ಅಂತ ಕೇಳಿದೆ. "ಮೊನ್ನೆ ಬಂದ ಲಾಟು ಸಾರ್" ಅಂದರು, ಅಷ್ಟೆ. ಇಂಥ ಮೀನು ಮಾರುವವರಿಗೆ ಅಷ್ಟಾದರೂ ಗೊತ್ತಿರಬೇಕು ಅಲ್ವಾ? ಬಂದ ಮೀನನ್ನು ಒಂದು ವಾರ ಬೇರೆ ಇಟ್ಟು ನೋಡಿ ಮಾರಿದ್ದರೂ ಸಾಕಿತ್ತು. ಇನ್ನು ಮುಂದೆ ಮೂಲ ಹೇಳದವರ ಹತ್ತಿರ ನಾನು ಲೋಚ್ ಕೊಳ್ಳುವುದಿಲ್ಲ.

ಮನೆಗೆ ಬಂದ ಮೂರನೇ ದಿನ ಟಾರ್ಚ್ ಹಿಡಿದು ನೋಡಿದರೆ ಬೆನ್ನ ಮೇಲೆ ಚಿರೋಟಿ ರವೆ ಉದುರಿಸಿದ ಹಾಗೆ ಚುಕ್ಕಿ. ಇಕ್, ಅಂದರೆ ಬಿಳಿ ಚುಕ್ಕಿ ರೋಗ ತರುವ ಪರಾವಲಂಬಿ. ಪಟ್ಟೆಗಳ ಬಣ್ಣ ಮಾಸಿತ್ತು, ಕಿವಿರು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಅವು ಇದ್ದದ್ದು 60 ಲೀಟರಿನ, ತಳದಲ್ಲಿ ಮರಳು ಹಾಕದ ಟ್ಯಾಂಕಿನಲ್ಲಿ, ಅದೊಂದು ಪುಣ್ಯ. ಮಾಮೂಲಿ ಚಿಕಿತ್ಸೆ ಶುರು ಮಾಡಿದೆ. ಲೀಟರಿಗೆ 2 ಗ್ರಾಂ ಕಲ್ಲುಪ್ಪು, ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ. ಲೋಚ್‌ಗಳ ಹುರುಪೆ ತೀರಾ ಸಣ್ಣದು, ಔಷಧಿ ಬೇಗ ತಾಗುತ್ತದೆ. ಹಾಗಾಗಿ ಮ್ಯಾಲಕೈಟ್ ಗ್ರೀನ್ ಅನ್ನುವ ಔಷಧಿ ಅರ್ಧ ಡೋಸ್. ಹೀಟರ್ 30 ಡಿಗ್ರಿಗೆ.

ಆರನೇ ದಿನಕ್ಕೆ ಮೈ ಸ್ವಚ್ಛ. ಔಷಧಿ ನಿಲ್ಲಿಸಿದೆ. ಒಂಬತ್ತನೇ ದಿನ ಚುಕ್ಕಿ ಮೊದಲಿಗಿಂತ ಜಾಸ್ತಿಯಾಗಿ ವಾಪಸ್ ಬಂತು. ಹತ್ತನೇ ದಿನ ಬೆಳಿಗ್ಗೆ ಒಂದು ಸತ್ತಿತ್ತು.

ಆವತ್ತು ಬೇರೇನೂ ಮಾಡದೆ ಎರಡು ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಬರೆದೆ. ಹೀಟರಿನ ತಿರುಗಣೆ 30 ತೋರಿಸುವಾಗ ನೀರು 27. ಆನ್‌ಲೈನಿನಲ್ಲಿ ತರಿಸಿದ ಹೀಟರ್, ಮೂರು ಡಿಗ್ರಿ ಸುಳ್ಳು. ಅದಕ್ಕಿಂತ ದೊಡ್ಡ ತೊಂದರೆ ಕರೆಂಟು. ಪುನರ್ವಸು ಮಳೆ, ಲೈನ್ ಮೇಲೆ ಮರ ಬಿದ್ದರೆ ಸಂಜೆ ಹೋದದ್ದು ಮಾರನೇ ಮಧ್ಯಾಹ್ನ ಬರುತ್ತದೆ. ಇನ್ವರ್ಟರ್ ನಡುರಾತ್ರಿಗೇ ಖಾಲಿ. ಬೆಳಿಗ್ಗೆ ಆರಕ್ಕೆ ನೀರು 22.

ಅಲ್ಲಿಗೆ ಕಾರಣ ಸಿಕ್ಕಿತು. ಇಕ್ ಮೀನಿನ ಚರ್ಮದೊಳಗೆ ಇರುವಾಗಲೂ, ಉದುರಿ ತಳದಲ್ಲಿ ಗೂಡು ಕಟ್ಟಿಕೊಂಡಾಗಲೂ ಔಷಧಿಗೆ ಸಿಗುವುದಿಲ್ಲ. ಗೂಡು ಒಡೆದು ನೂರಾರು ಮರಿಗಳು ಮೀನು ಹುಡುಕಿಕೊಂಡು ಈಜುವ ಆ ಒಂದೆರಡು ದಿನ ಮಾತ್ರ ಸಾಯುತ್ತವೆ. ನೀರು ಬಿಸಿಯಿದ್ದರೆ ಈ ಸುತ್ತು ಬೇಗ ಮುಗಿಯುತ್ತದೆ. ತಣ್ಣಗಾದರೆ ಎಳೆಯುತ್ತದೆ, ತೀರಾ ಚಳಿಯಲ್ಲಿ ವಾರಗಟ್ಟಲೆ. ನಾನು ಔಷಧಿ ನಿಲ್ಲಿಸುವಾಗ ಗೂಡುಗಳು ತಳದಲ್ಲಿ ಸುಮ್ನೆ ಕೂತಿದ್ದವು.

ಮಲೆನಾಡಿನ ಮನೆಯಲ್ಲಿ ಮಳೆಗಾಲದಲ್ಲಿ ಆರದೇ ಇರುವುದು ಬಚ್ಚಲೊಲೆ. ಹಂಡೆಯಲ್ಲಿ ಯಾವಾಗಲೂ ನೀರು ಕಾಯುತ್ತಿರುತ್ತದೆ. ಲೆಕ್ಕ ಹಾಕಿದೆ. 60 ಡಿಗ್ರಿಯ 4 ಲೀಟರ್ ನೀರು 30ಕ್ಕೆ ಇಳಿಯುವಷ್ಟರಲ್ಲಿ 60 ಲೀಟರ್ ಟ್ಯಾಂಕನ್ನು ಹೆಚ್ಚೆಂದರೆ 2 ಡಿಗ್ರಿ ಏರಿಸುತ್ತದೆ. ಈ ನೀರು ತುಂಬಿ ಟ್ಯಾಂಕಿನೊಳಗೆ ಇಡಲು ಒಂದೊಂದು ಲೀಟರಿನ ನಾಲ್ಕು ಸ್ಟೀಲ್ ಬಾಟಲಿ ಸಾಕು. ಬಿಸಿ ಹಿಡಿದಿಡುವ ಫ್ಲಾಸ್ಕ್ ಮಾದರಿಯದು ಬೇಡ, ಒಂದೇ ಪದರದ್ದು ಇರಲಿ. ಬಾಟಲಿಯನ್ನು ಸೋಪು ಹಾಕದೆ ಉಜ್ಜಿ ತೊಳೆದು, ಮೂಲೆಯಲ್ಲಿ ಮೀನಿಗೆ ತಾಗದ ಹಾಗೆ ಬಲೆ ಅಡ್ಡ ಕಟ್ಟಿ ಇಟ್ಟೆ. ಟ್ಯಾಂಕಿನ ಮೂರು ಬದಿಗೆ ಥರ್ಮಾಕೋಲ್, ಮೇಲೆ ಅಪ್ಪಯ್ಯನ ಹಳೇ ಕಂಬಳಿ, ಗಾಳಿಗೆ ಒಂದು ಕಿಂಡಿ. ರಾತ್ರಿ ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ ಬಾಟಲಿ ಬದಲು. ಎರಡನೇ ರಾತ್ರಿ ಅಮ್ಮನಿಗೂ ಎಚ್ಚರವಾಯಿತು. "ಬಾಣಂತಿಗೂ ನಾನು ಇಷ್ಟು ನೀರು ಕಾಯಿಸ್ಲಿಲ್ಲ ಮಾರಾಯ" ಅಂತ ನಕ್ಕು, ಒಲೆಗೆ ಇನ್ನೆರಡು ಸೌದೆ ತಳ್ಳಿದರು. ಆಮೇಲೆ ನಾಲ್ಕು ಗಂಟೆಯ ಬಾಟಲಿ ಅವರದ್ದೇ.

ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ. ಇವು ಹರಿಯುವ ನೀರಿನ ಮೀನು. ಬ್ಯಾಟರಿ ಏರ್ ಪಂಪ್ ಇಲ್ಲದೆ ಈ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ. ದಿನಾ ತಳದ ಕಸವನ್ನು ಪೈಪಿನಿಂದ ಎಳೆದು (ಸೈಫನ್) 20 ಲೀಟರ್ ಬದಲಿಸಿ, ಅಷ್ಟೇ ಬಿಸಿಯ ನೀರಿಗೆ 40 ಗ್ರಾಂ ಉಪ್ಪು ಕರಗಿಸಿ ತುಂಬುತ್ತಿದ್ದೆ. ಬಾಟಲಿ ಶುರು ಮಾಡಿದ ಮೇಲೆ ನೀರು 29ರ ಕೆಳಗೆ ಇಳಿದದ್ದು ಒಂದೇ ರಾತ್ರಿ. ಐದನೇ ದಿನಕ್ಕೆ ಚುಕ್ಕಿ ಪೂರ್ತಿ ಹೋಯಿತು. ಈ ಸಲ ಉಪ್ಪು, ಬಿಸಿ ಎರಡನ್ನೂ ನಿಲ್ಲಿಸಲಿಲ್ಲ.

ನಡುವೆ ಇವಕ್ಕೆ ಮುಂದೆ ಕಟ್ಟುವ ಟ್ಯಾಂಕಿನ ಚಿತ್ರವೂ ಬರೆದಾಯಿತು, ನಿದ್ದೆಗೆಟ್ಟವರಿಗೆ ಬೇರೇನು ಕೆಲಸ! ನಾಲ್ಕು ಅಡಿ ಉದ್ದ, ಒಂದು ತುದಿಯಲ್ಲಿ ಪಂಪ್, ಇನ್ನೊಂದು ತುದಿಯಲ್ಲಿ ನೀರು ಎಳೆಯುವ ಸ್ಪಂಜ್, ತಳದಲ್ಲಿ ಹಾಯ್ದ ಪೈಪನ್ನು ಮರಳು ಮುಚ್ಚುತ್ತದೆ. ಮೇಲೆ ಉರುಟು ಕಲ್ಲು, ಕಲ್ಲಿನ ಸಂದಿಗಳು. ನೀರು ಒಂದೇ ದಿಕ್ಕಿಗೆ ಹರಿಯಬೇಕು. ಪೈಪ್ ಅಳತೆ ಕುಳಿತ ಮೇಲೆ ವಿವರವಾಗಿ ಬರೆಯುತ್ತೇನೆ.

ಮೊನ್ನೆ ರಾತ್ರಿ ಎರೆಹುಳ ಕತ್ತರಿಸಿ ಹಾಕಿದಾಗ ಟ್ಯಾಂಕಿನೊಳಗಿಂದ ಟಕ್, ಟಕ್ ಅಂತ ಕೇಳಿಸಿತು. ಲೋಚ್ ಸಾಕಿದವರಿಗೆ ಆ ಸದ್ದು ಗೊತ್ತು, ತಿನ್ನುವ ಖುಷಿಯಲ್ಲಿ ಮಾಡುವುದು. ಬಂದ ದಿನದಿಂದ ಒಮ್ಮೆಯೂ ಕೇಳಿರಲಿಲ್ಲ. ಅಮ್ಮನನ್ನು ಕರೆದು ಕೇಳಿಸಿದೆ.

ನಾಳೆಯಿಂದ ದಿನಕ್ಕೆ ಒಂದೊಂದೇ ಡಿಗ್ರಿ ಇಳಿಸಿ 25ಕ್ಕೆ ತರುತ್ತೇನೆ. ಇನ್ನೂ ಎರಡು ವಾರ ಇವು ಈ ಟ್ಯಾಂಕಿನಲ್ಲೇ. ಸಾಗಿಸುವಾಗ ಬಲೆ ಬೇಡ. ಕಣ್ಣಿನ ಕೆಳಗಿನ ಮುಳ್ಳು ಸಿಕ್ಕಿಕೊಳ್ಳುತ್ತದೆ, ಮಗ್ಗಿನಲ್ಲೇ ಎತ್ತುತ್ತೇನೆ.