ಮೇಲ್ ಸರ್ವರ್‌ಗೆ ಸ್ಪ್ಯಾಮ್ ತಡೆಪಟ್ಟಿ: ಮೂರು ವಾರಗಳ ಕೆಲಸ

1ನೇ ದಿನ

ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶದ ಮೇಲೆ ಓಡುವ ಸಣ್ಣ ಮೇಲ್ ಸರ್ವರ್ ಈಗ ನನ್ನ ಕೈಗೆ ಬಂದಿದೆ. ಅದರ ಸೆಟ್ಟಿಂಗ್‌ನಲ್ಲಿ ಹನ್ನೊಂದು ತಡೆಪಟ್ಟಿಗಳಿವೆ, ಅಂದರೆ ಸ್ಪ್ಯಾಮ್ ಕಳಿಸುವ ಐಪಿ ವಿಳಾಸಗಳನ್ನು ಹೊರಗಿನವರು ದಾಖಲಿಸಿಡುವ ಪಟ್ಟಿಗಳು. ಯಾರು, ಯಾವಾಗ, ಏಕೆ ಸೇರಿಸಿದರೆಂಬ ಟಿಪ್ಪಣಿ ಎಲ್ಲೂ ಇಲ್ಲ. ಅವುಗಳಲ್ಲಿ ಎಷ್ಟಕ್ಕೆ ಜೀವವಿದೆ ಎಂದು ನೋಡುವುದರಿಂದಲೇ ಆರಂಭಿಸಿದೆ.

ಪರೀಕ್ಷೆ ಸುಲಭ. ಇಂಟರ್ನೆಟ್ ತಂತ್ರಜ್ಞಾನದ ದಾಖಲೆಗಳಲ್ಲಿ ಒಂದಾದ 2010ರ ಆರ್‌ಎಫ್‌ಸಿ 5782ರ ಪ್ರಕಾರ, ಹಳೆಯ ಮಾದರಿಯ (ಐಪಿವಿ4) ಐಪಿ ವಿಳಾಸಗಳ ಪ್ರತಿ ಪಟ್ಟಿಯಲ್ಲೂ 127.0.0.2 ಇರಲೇಬೇಕು, 127.0.0.1 ಇರಲೇಬಾರದು. ವಿಳಾಸವನ್ನು ತಿರುಗಿಸಿ 2.0.0.127 ಎಂದು ಬರೆದು, ಅದರ ಕೊನೆಗೆ ಪಟ್ಟಿಯ ಹೆಸರು ಸೇರಿಸಿ, ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಕೇಳಿದರಾಯಿತು: ಉತ್ತರ ಬಂದರೆ ಆ ವಿಳಾಸ ಪಟ್ಟಿಯಲ್ಲಿದೆ ಎಂದರ್ಥ. ಹನ್ನೊಂದರಲ್ಲಿ ನಾಲ್ಕಕ್ಕೆ ಉಸಿರೇ ಇರಲಿಲ್ಲ. ಸಾರ್ಬ್ಸ್ ಅವುಗಳಲ್ಲಿ ಒಂದು. ಅದು 2024ರ ಜೂನ್‌ನಲ್ಲೇ ಮುಚ್ಚಿದೆ.

ಸತ್ತ ಪಟ್ಟಿ ಸುಮ್ಮನಿದ್ದರೆ ನಷ್ಟ ಕಡಿಮೆ, ಎಲ್ಲಕ್ಕೂ ಹೌದು ಎನ್ನತೊಡಗಿದರೆ ಅನಾಹುತ. ಒಆರ್‌ಡಿಬಿ ಎಂಬ ಪಟ್ಟಿ 2006ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಆದರೂ ಅನೇಕ ಸರ್ವರ್‌ಗಳು ಅದನ್ನು ಕೇಳುತ್ತಲೇ ಇದ್ದುದರಿಂದ 2008ರ ಮಾರ್ಚ್‌ನಲ್ಲಿ ಕೇಳಿದ ಪ್ರತಿ ವಿಳಾಸಕ್ಕೂ ‘ಪಟ್ಟಿಯಲ್ಲಿದೆ’ ಎನ್ನತೊಡಗಿತು. ಹೆಸರು ತೆಗೆಯದವರ ಬಾಗಿಲಿನಿಂದ ಒಳ್ಳೆಯ ಪತ್ರಗಳೂ ಹಿಂದಿರುಗಿದವು. ಬದುಕಿರುವ ಪಟ್ಟಿಗೂ ಇದು ಆಗಬಹುದು: 2021ರ ಜನವರಿ ಕೊನೆಯಲ್ಲಿ ಸ್ಪ್ಯಾಮ್‌ಕಾಪ್‌ನ ಡೊಮೇನ್ ಅವಧಿ ಮುಗಿದು ಇಂಥದೇ ಗೊಂದಲವಾಗಿತ್ತು. ಆದ್ದರಿಂದ ಈ ಎರಡು ವಿಳಾಸಗಳನ್ನು ದಿನಕ್ಕೊಮ್ಮೆ ಕೇಳಿ, ಉತ್ತರ ತಪ್ಪಿದರೆ ನನ್ನನ್ನು ಎಚ್ಚರಿಸುವ ಸಣ್ಣ ಸ್ಕ್ರಿಪ್ಟ್ ಬರೆದಿಟ್ಟೆ.

4ನೇ ದಿನ

ಸ್ಪ್ಯಾಮ್‌ಹೌಸ್ ಸಂಸ್ಥೆಯ ಝೆನ್ ಎಂಬ ಕೂಡುಪಟ್ಟಿಯನ್ನು ಸೇರಿಸಿದೆ. ಒಂದೇ ಪ್ರಶ್ನೆಗೆ ಅದರ ಹಲವು ಪಟ್ಟಿಗಳ ಉತ್ತರ ಸಿಗುತ್ತದೆ. ಉತ್ತರ 127.0.0.2ರಂಥ ವಿಳಾಸದ ರೂಪದಲ್ಲಿ ಬರುತ್ತದೆ, ಯಾವ ಪಟ್ಟಿ ಎಂಬುದನ್ನು ಅದರ ಕೊನೆಯ ಸಂಖ್ಯೆ ಹೇಳುತ್ತದೆ: 2 ಬಂದರೆ ಗುರುತಿಸಲಾದ ಸ್ಪ್ಯಾಮ್ ಮೂಲ, 4 ಬಂದರೆ ಸೋಂಕು ತಗುಲಿದ ಅಥವಾ ಬೇರೆಯವರ ವಶವಾದ ಯಂತ್ರ, 10 ಅಥವಾ 11 ಬಂದರೆ ನೇರವಾಗಿ ಮೇಲ್ ತಲುಪಿಸಬಾರದ ವಿಳಾಸ.

ಮೊದಲ ಪ್ರಯೋಗದಲ್ಲಿ ಬಂದ ಉತ್ತರ 127.255.255.254. ‘ಉತ್ತರ ಬಂದರೆ ತಿರಸ್ಕರಿಸು’ ಎಂಬ ಹಳೆಯ ಸಾಲನ್ನು ಹಾಗೆಯೇ ಬಿಟ್ಟಿದ್ದರೆ ಅಂದೇ ಎಲ್ಲರ ಮೇಲ್ ನಿಲ್ಲುತ್ತಿತ್ತು, ಏಕೆಂದರೆ ಇದು ಯಾವ ವಿಳಾಸದ ಮೇಲಿನ ದೂರೂ ಅಲ್ಲ. ‘ನೀವು ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳುತ್ತಿದ್ದೀರಿ, ಉತ್ತರ ಕೊಡುವುದಿಲ್ಲ’ ಎಂಬ ಸೂಚನೆ. ಅದೇ ಯಂತ್ರದಲ್ಲಿ ಅನ್‌ಬೌಂಡ್ ಎಂಬ ಡಿಎನ್‌ಎಸ್ ತಂತ್ರಾಂಶ ಹಾಕಿ, ಪ್ರಶ್ನೆಗಳು ನಮ್ಮಿಂದಲೇ ಹೋಗುವಂತೆ ಮಾಡಿದೆ. ಜೊತೆಗೆ 127.0.0.2ರಿಂದ 127.0.0.11ರವರೆಗಿನ ಉತ್ತರಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಸಾಲನ್ನು ಬಿಗಿ ಮಾಡಿದೆ. ಯಾವುದೇ ಪಟ್ಟಿ ಇರಲಿ, ಉತ್ತರದ ಅಂಕಿಯನ್ನು ಓದದೆ ಬಳಸುವುದು ಅಪಾಯ ಎಂದೇ ನನ್ನ ಅಭಿಪ್ರಾಯ.

6ನೇ ದಿನ

ಬೆಳಿಗ್ಗೆ ಈ ಸರ್ವರ್ ಬಳಸುವ ಸದಸ್ಯೆಯೊಬ್ಬರ ಫೋನ್: ಮನೆಯಿಂದ ಒಂದು ಮೇಲ್ ಕೂಡ ಹೋಗುತ್ತಿಲ್ಲ. ಲಾಗ್ ತೆರೆದರೆ ಅವರ ಮನೆಯ ಐಪಿ ವಿಳಾಸ, ಪಕ್ಕದಲ್ಲಿ 127.0.0.11. ತಪ್ಪು ನನ್ನದೇ. ಮನೆಯ ಇಂಟರ್ನೆಟ್ ಸಂಪರ್ಕಗಳು ಆ ಪಟ್ಟಿಯಲ್ಲಿರುವುದು ಸಹಜ, ಅದು ಆರೋಪವಲ್ಲ. ಪಾಸ್‌ವರ್ಡ್ ಕೊಟ್ಟು ಒಳಬಂದವರಿಗೆ ಅನುಮತಿ ಕೊಡುವ ಸಾಲು ತಡೆಪಟ್ಟಿಯ ಸಾಲಿಗಿಂತ ಮೇಲಿರಬೇಕಿತ್ತು, ನಾನು ಕೆಳಗೆ ಇಟ್ಟಿದ್ದೆ. ಎರಡನ್ನೂ ಅದಲುಬದಲು ಮಾಡಿದೆ. ಸದಸ್ಯರು ಮೇಲ್ ಕಳಿಸಲು ಬಳಸುವ 587ನೇ ಪೋರ್ಟ್‌ನಲ್ಲಿ ಪಟ್ಟಿಗಳ ಪರಿಶೀಲನೆಯನ್ನೇ ತೆಗೆದೆ. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

13ನೇ ದಿನ

ಕಳೆದ ವಾರವೆಲ್ಲ ಉಳಿದ ಪಟ್ಟಿಗಳನ್ನು ‘ವಾರ್ನ್ ಇಫ್ ರಿಜೆಕ್ಟ್’ ಸ್ಥಿತಿಯಲ್ಲಿ ಓಡಿಸಿದೆ. ಮೇಲ್ ಒಳಗೆ ಬರುತ್ತದೆ, ಯಾವ ಪಟ್ಟಿ ಅದನ್ನು ತಡೆಯುತ್ತಿತ್ತು ಎಂಬುದು ಮಾತ್ರ ಲಾಗ್‌ನಲ್ಲಿ ದಾಖಲಾಗುತ್ತದೆ. ರಾತ್ರಿ ಕುಳಿತು ಒಂದೊಂದೇ ಸಾಲನ್ನು ಓದಿದೆ. ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಇದೇ.

ಒಂದು ಪಟ್ಟಿ ತಪ್ಪಿತಸ್ಥ ವಿಳಾಸದೊಂದಿಗೆ ಆ ಸೇವಾದಾತರ ಇಡೀ ಜಾಲವನ್ನೇ ಸೇರಿಸುತ್ತದೆ. ಅದು ತಡೆಯಬೇಕೆಂದದ್ದರಲ್ಲಿ ನಮ್ಮ ಸದಸ್ಯರೊಬ್ಬರ ಮಗಳು ಕಳಿಸಿದ ಪತ್ರವೂ ಇತ್ತು. ಅವಳ ಸರ್ವರ್ ಯಾವ ತಪ್ಪನ್ನೂ ಮಾಡಿರಲಿಲ್ಲ. ಬೀದಿಯಲ್ಲೊಬ್ಬ ಕಳ್ಳನಿದ್ದಾನೆಂದು ಬೀದಿಯ ಎಲ್ಲರನ್ನೂ ಹೊರಗೆ ನಿಲ್ಲಿಸುವುದು ನನ್ನಿಂದಾಗದು. ಆ ಪಟ್ಟಿಯನ್ನು ತೆಗೆದುಹಾಕಿದೆ. ಸ್ಪ್ಯಾಮ್ ಒಂದೆರಡು ಹೆಚ್ಚು ಬಂದರೆ ಅಳಿಸಬಹುದು. ಕಾಯುತ್ತಿದ್ದ ಪತ್ರವೇ ಬಾರದಿದ್ದರೆ ಅದು ಕಳೆದುಹೋಯಿತೆಂದು ತಿಳಿಯುವುದೂ ಇಲ್ಲ.

20ನೇ ದಿನ

ಈಗ ಪೋಸ್ಟ್‌ಸ್ಕ್ರೀನ್‌ಗೆ ಬದಲಾಯಿಸಿದ್ದೇನೆ. ಪೋಸ್ಟ್‌ಫಿಕ್ಸ್ 2.8ರಿಂದ ಇರುವ ಈ ಭಾಗ ಪ್ರತಿ ಪಟ್ಟಿಗೂ ಅಂಕ ಕೊಡಲು ಬಿಡುತ್ತದೆ. ಮಿತಿ 4: ಒಂದು ವಿಳಾಸದ ಒಟ್ಟು ಅಂಕ ಅಷ್ಟಾದರೆ ತಿರಸ್ಕಾರ. ಝೆನ್‌ಗೆ 4, ಅಂದರೆ ಅದರ ಮಾತೊಂದೇ ಸಾಕು. ನೋಂದಾಯಿಸಿಕೊಂಡು ಬಳಸುವ ಬರಾಕುಡಾ ಪಟ್ಟಿಗೆ 2, ಸ್ಪ್ಯಾಮ್‌ಕಾಪ್‌ಗೆ 2. ಸ್ಪ್ಯಾಮ್‌ಕಾಪ್ ದೂರುಗಳ ಮೇಲೆ ನಡೆಯುತ್ತದೆ, ದೂರು ನಿಂತ ಮೇಲೆ ಸುಮಾರು 24 ಗಂಟೆಗಳಲ್ಲಿ ವಿಳಾಸವನ್ನು ತಾನಾಗಿಯೇ ಕೈಬಿಡುತ್ತದೆ. ಚುರುಕು ಹೌದು, ಆದರೆ ಇನ್ನೊಂದು ಸಾಕ್ಷಿಯಿಲ್ಲದೆ ಅದನ್ನು ಒಪ್ಪುವುದಿಲ್ಲ. ಡಿಎನ್‌ಎಸ್‌ಡಬ್ಲ್ಯುಎಲ್ ಎಂಬ ನಂಬಿಕಸ್ಥರ ಪಟ್ಟಿಯಲ್ಲಿದ್ದವರಿಗೆ 2 ಅಂಕ ಕಡಿತ.

ತಿರಸ್ಕಾರ ಸಂಪರ್ಕದ ಹಂತದಲ್ಲೇ, 550 ಸಂಕೇತದೊಂದಿಗೆ ಹೋಗುತ್ತದೆ. ಪಟ್ಟಿಯ ಹೆಸರೂ ಅದರಲ್ಲಿರುತ್ತದೆ. ಪ್ರಾಮಾಣಿಕ ಸರ್ವರ್ ಆಗಿದ್ದರೆ ಅದನ್ನು ಕಳಿಸಿದವರಿಗೆ ತಿಳಿಸುತ್ತದೆ, ಅವರು ಫೋನ್ ಮಾಡಿ ಕೇಳಬಹುದು.

ಹನ್ನೊಂದರಲ್ಲಿ ಉಳಿದಿರುವುದು ಎರಡು, ಹೊಸದಾಗಿ ಸೇರಿದ್ದು ಎರಡು. ಹೊಸ ಮಾದರಿಯ ಐಪಿವಿ6 ವಿಳಾಸಗಳ ಕೆಲಸ ಬಾಕಿಯಿದೆ. ಅಲ್ಲಿ ಒಂದು ವಿಳಾಸದ 32 ಅಂಕಿಗಳನ್ನೂ ಬಿಡಿಬಿಡಿಯಾಗಿ ತಿರುಗಿಸಿ ಕೇಳಬೇಕು. ಮುಂದಿನ ವಾರ ಅದನ್ನೂ ಮೊದಲು ಎಚ್ಚರಿಕೆಯ ಸ್ಥಿತಿಯಲ್ಲೇ ಓಡಿಸುತ್ತೇನೆ.