ಅಳತೆ ಪುಸ್ತಕದ ಹಿಂದಿನ ಪುಟಗಳು

ಬ್ಲೌಸ್ ಕೊಡಲು ಬಂದವಳು ಅದರ ಜೊತೆಗೆ ಬ್ಯಾಗಿನಿಂದ ಒಂದು ಕಾಗದದ ಕಟ್ಟನ್ನೂ ತೆಗೆದಳು. "ಅಕ್ಕಾ, ಇಂಗ್ಲಿಷಲ್ಲಿ ಏನು ಬರ್ದಿದಾರೆ ಸ್ವಲ್ಪ ಓದಿ ಹೇಳಿ. ನಾಳೆ ಸಹಿ ಮಾಡಿ ಕೊಡ್ಬೇಕಂತೆ" ಎಂದಳು. ಸಹಿ ಹಾಕಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಇಂಟು ಮಾರ್ಕ್ ಇತ್ತು.

ಅವಳು ನಮ್ಮ ಬೀದಿಯ ಟೈಲರ್. ಹೆಸರು ಬೇಡ. ಬರೆಯಲಾ ಎಂದು ಕೇಳಿದ್ದಕ್ಕೆ "ಬರೀರಿ, ಹೆಸರು ಮಾತ್ರ ಹಾಕ್ಬೇಡಿ" ಎಂದಿದ್ದಾಳೆ. ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ಕುಡಿತ, ಎರಡು ಸಲ ಕೈ ಮಾಡಿದ್ದು, ಸಂಬಳ ಮನೆ ಸೇರದೇ ಇದ್ದದ್ದು. ಸಾಕಾಗಿ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಯಾರೋ ತೋರಿಸಿದ ವಕೀಲರಿಗೆ 8,000 ರೂಪಾಯಿ ಕೊಟ್ಟಿದ್ದಳು. ಜೀವನಾಂಶದ ಅರ್ಜಿ ಹಾಕ್ತೀನಿ ಅಂತ ಅವರು ಬರೆಸಿಕೊಟ್ಟ ಕಾಗದ ಇದು.

ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಮದುವೆಯ ತಾರೀಖು ಸರಿ ಇತ್ತು, ಮಗಳ ಹೆಸರು ಸರಿ ಇತ್ತು. ಆಮೇಲೆ ಐದು ಲಕ್ಷ ವರದಕ್ಷಿಣೆ ಬಂತು. ನೂರು ಗ್ರಾಂ ಬಂಗಾರ ಬಂತು. ಅತ್ತೆ ಸೀಮೆಎಣ್ಣೆ ಸುರಿದು ಸುಡಲು ಬಂದರು ಎನ್ನುವುದೂ ಬಂತು.

"ಸೀಮೆಎಣ್ಣೆನಾ? ನಮ್ಮನೇಲಿ ಇರೋದು ಗ್ಯಾಸ್ ಅಕ್ಕ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮತ್ತೆ ಪಾಪ, ನಾನು ಹೊರಡುವಾಗ ಮಗೂಗೆ ದಾರೀಲಿ ಏನಾದ್ರೂ ಕೊಡ್ಸು ಅಂತ ನೂರು ರೂಪಾಯಿ ಕೈಗಿಟ್ಟೋರು ಅವರೇ" ಅಂದಳು.

ನನಗೆ ಸಿಟ್ಟು ಬಂತು. ಈ ಥರದ ಅರ್ಜಿಗೆ ಒಂದು ಅಚ್ಚಿದೆ. ಹೆಸರು, ಊರು ಬದಲಾಯಿಸಿದರೆ ಯಾರಿಗಾದರೂ ಹೊಂದುತ್ತೆ. ಕೇಸು ಗಟ್ಟಿಯಾಗಲಿ ಅಂತ ಹಾಗೆ ಬರೀತಾರಂತೆ. ಗಟ್ಟಿ ಎಲ್ಲಿಂದ ಆಗುತ್ತೆ? ನಾಳೆ ಪಾಟಿಸವಾಲಿನಲ್ಲಿ ಎದುರು ವಕೀಲರು ಸೀಮೆಎಣ್ಣೆಯನ್ನೇ ಹಿಡಿದುಕೊಂಡು ನಾಲ್ಕು ಪ್ರಶ್ನೆ ಕೇಳಿದರೆ ಅವಳು ತಡವರಿಸುತ್ತಾಳೆ. ಆ ಸುಳ್ಳು ಬಿದ್ದ ಮೇಲೆ ನಿಜವಾಗಿ ತಿಂದ ಎರಡು ಏಟನ್ನೂ ಯಾರೂ ನಂಬುವುದಿಲ್ಲ. ಅದೂ ಅಲ್ಲದೆ, ತನ್ನ ತಾಯಿಯನ್ನು ಕೊಲೆಗಡುಕಿ ಅಂತ ಬರೆದದ್ದನ್ನು ಓದಿದ ಮಗ ಆಮೇಲೆ ರಾಜಿಗೆ ಕೂರುತ್ತಾನಾ?

ಮಾರನೇ ದಿನ ಇಬ್ಬರೂ ಆ ವಕೀಲರ ಹತ್ತಿರ ಹೋಗಿ ಈ ಅರ್ಜಿ ಬೇಡ ಎಂದೆವು. ಹಾಗಾದರೆ ಇನ್ನೂ 7,000 ಕೊಡಿ, ಇಲ್ಲದಿದ್ದರೆ ದಾಖಲೆ ಕೊಡಲ್ಲ ಎಂದರು. ಮಗಳ ಜನನ ಪ್ರಮಾಣಪತ್ರದ ಒರಿಜಿನಲ್ ಅವರ ಹತ್ತಿರವೇ ಇತ್ತು. ಇಬ್ಬರೂ ಬಾಯಿ ಮುಚ್ಚಿಕೊಂಡು ವಾಪಸ್ ಬಂದೆವು. ಫೀಸ್ ಬಾಕಿ ಇದೆ ಅಂತ ಕಕ್ಷಿದಾರರ ಕಾಗದಪತ್ರ ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲೇ ಹೇಳಿದೆ ಅನ್ನೋದು ನನಗೆ ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಕೋರ್ಟ್ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. ಆ ಬೋರ್ಡನ್ನು ಹತ್ತು ವರ್ಷದಿಂದ ನೋಡುತ್ತಿದ್ದೇನೆ, ಒಂದು ಸಲವೂ ಒಳಗೆ ಕಾಲಿಟ್ಟಿರಲಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳ 1987ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ವಕೀಲರನ್ನು ಉಚಿತವಾಗಿ ಕೊಡಬೇಕು. ಇವರಿಗೆಲ್ಲ ಆದಾಯದ ಮಿತಿ ಇಲ್ಲ. ಹೆಂಗಸು ಅಂದರೆ ಸಾಕು. ಬಹಳ ಜನ ಇದು ಬಿಪಿಎಲ್ ಕಾರ್ಡಿನವರಿಗೆ ಮಾತ್ರ ಅಂದುಕೊಂಡಿದ್ದಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಇವಳಿಗೆ ಬೇರೆಯದೇ ಚಿಂತೆ. "ಬಿಟ್ಟಿ ಲಾಯರ್ ಸರಿಯಾಗಿ ಮಾಡ್ತಾರಾ ಅಕ್ಕ? ನಾನು ಬಿಟ್ಟಿ ಹೊಲಿದ ಬ್ಲೌಸ್ ಹೆಂಗಿರುತ್ತೆ ನಂಗೊತ್ತಿಲ್ವಾ?"

ತೆಗೆದುಹಾಕುವ ಮಾತಲ್ಲ ಅದು. ಪ್ಯಾನೆಲ್ ವಕೀಲರಿಗೆ, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವವರಿಗೆ, ಪ್ರಾಧಿಕಾರ ಕೊಡುವ ದುಡ್ಡು ತೀರಾ ಕಡಿಮೆ, ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಅವರು ಮುಟ್ಟುವಂತಿಲ್ಲ. ಹೆಸರಿಗೆ ವಕಾಲತ್ತು ಹಾಕಿ ಮರೆತುಬಿಡುವವರೂ ಇದ್ದಾರೆ. ನಮಗೆ ಸಿಕ್ಕಿದ್ದು ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಅದು ಅದೃಷ್ಟ ಅಂತಲೇ ಇಟ್ಟುಕೊಳ್ಳಿ. ಅವರು ಒಂದು ಫೋನ್ ಮಾಡಿ, 2000ನೇ ಇಸವಿಯ ಆ ತೀರ್ಪನ್ನು ಹೆಸರಿಟ್ಟು ಹೇಳಿದ್ದೇ ತಡ, ಮಗಳ ಜನನ ಪ್ರಮಾಣಪತ್ರ ಸಂಜೆ ಹೊತ್ತಿಗೆ ಕೈಸೇರಿತು.

ಆಮೇಲೆ ಅವರು ಕಥೆ ಕೇಳಿದರು. ಕಥೆ ಅಂದರೆ ಏಟಿನ ಕಥೆಯಲ್ಲ, ಖರ್ಚಿನ ಕಥೆ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಿಂದ ಬಂದ ರಜನೀಶ್ ಮತ್ತು ನೇಹಾ ಪ್ರಕರಣದ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲ, ತಿಂಗಳ ಖರ್ಚು ಎಲ್ಲವನ್ನೂ ಅಫಿಡವಿಟ್‌ನಲ್ಲಿ ಹೇಳಬೇಕು. 

"ನಿಮ್ಮ ತಿಂಗಳ ಖರ್ಚು ಎಷ್ಟಮ್ಮ?"

"ನಂದೇನಿದೆ ಮೇಡಂ. ಏನೂ ಇಲ್ಲ."

"ಸೋಪು?"

"ಅದು ಅಮ್ಮ ತರ್ತಾರೆ."

"ತಲೆನೋವು ಬಂದ್ರೆ?"

"ಬರುತ್ತೆ, ಹೋಗುತ್ತೆ."

"ಮಗಳ ಶೂ ಯಾವಾಗ ತಗೊಂಡಿದ್ದು? ಪ್ಯಾಡ್‌ಗೆ ತಿಂಗಳಿಗೆ ಎಷ್ಟಾಗುತ್ತೆ? ಮೆಷಿನ್ ಬೆಲ್ಟು, ಸೂಜಿ, ಎಣ್ಣೆ?"

ಅವಳು ಒಂದಕ್ಕೂ ಲೆಕ್ಕ ಇಟ್ಟಿರಲಿಲ್ಲ. ವಕೀಲರು ಪೆನ್ ಕೆಳಗಿಟ್ಟರು. ಒಂದು ತಿಂಗಳು ಬರೆದುಕೊಂಡು ಬನ್ನಿ, ಒಂದು ರೂಪಾಯಿ ಶಾಂಪೂ ಸ್ಯಾಶೆಯನ್ನೂ ಬಿಡಬೇಡಿ, ಹಾಗಂತ ಒಂದು ರೂಪಾಯಿ ಜಾಸ್ತಿಯನ್ನೂ ಬರೀಬೇಡಿ ಎಂದರು. ಇವಳ ಹತ್ತಿರ ಇದ್ದದ್ದು ಅಳತೆ ಪುಸ್ತಕ. ಮುಂದಿನ ಪುಟಗಳಲ್ಲಿ ಯಾರದೋ ಭುಜ 14, ತೋಳು 9, ಹಿಂದಿನ ನೆಕ್ 7. ಅದನ್ನೇ ತಿರುವಿ ಹಿಂದಿನಿಂದ ಬರೆಯುತ್ತಾ ಬಂದಳು. ತಿಂಗಳಾದ ಮೇಲೆ ಕೂಡಿದರೆ ತಾಯಿ ಮಗಳಿಗೆ 9,870 ಆಗಿತ್ತು. ಅದರಲ್ಲಿ ಅವಳಿಗೇ ಅಂತ ಖರ್ಚಾದದ್ದು ಸಾವಿರವೂ ಇರಲಿಲ್ಲ. ಹಲ್ಲುನೋವು ಅಂತ ಮುಂದೂಡಿದ್ದು, ಕನ್ನಡಕ ಅಂತ ಮುಂದೂಡಿದ್ದು ಯಾವುದೂ ಆ ಲೆಕ್ಕದಲ್ಲಿ ಬರಲ್ಲ ಅಲ್ವಾ? ವಕೀಲರು ಅದನ್ನೂ ಕೇಳಿ ಬರೆದುಕೊಂಡು 12,000 ಕೇಳಿದರು.

ಅರ್ಜಿಯನ್ನು ಕನ್ನಡದಲ್ಲಿ ಟೈಪ್ ಮಾಡಿಸಿದರು. ಟೈಪಿಂಗ್ ಅಂಗಡಿಯ ಬೆಂಚಿನ ಮೇಲೆ ಕೂತು ಅವಳು ಮೊದಲಿಂದ ಕೊನೆವರೆಗೆ ತಾನೇ ಓದಿದಳು. ಎರಡನೇ ಏಟು ದೀಪಾವಳಿಗೆ ಅಲ್ಲ, ಅದರ ಹಿಂದಿನ ವಾರ ಅಂತ ತಿದ್ದಿಸಿದಳು. ತನ್ನ ಬದುಕಿನ ಬಗ್ಗೆ ಬರೆದ ಕಾಗದವನ್ನು ಓದಿಸಿಕೊಳ್ಳಲು ಬೇರೆಯವರ ಮನೆ ಬಾಗಿಲಿಗೆ ಬರಬೇಕಾಗಿದ್ದವಳು ಇವಳೇನಾ ಅನ್ನಿಸಿತು ನನಗೆ.

ಇಲ್ಲೊಂದು ತಮಾಷೆ ಇದೆ. ಇಂಥ ಕೇಸು ನಡೆಯುವ ಕುಟುಂಬ ನ್ಯಾಯಾಲಯಗಳ ಕಾಯ್ದೆ ಬಂದದ್ದು 1984ರಲ್ಲಿ. ಅದರ 13ನೇ ಸೆಕ್ಷನ್ ಪ್ರಕಾರ ವಕೀಲರನ್ನು ಇಟ್ಟುಕೊಳ್ಳುವುದು ಇಲ್ಲಿ ಕಕ್ಷಿದಾರರ ಹಕ್ಕಲ್ಲ. ಕೋರ್ಟ್ ಬೇಕೆನಿಸಿದರೆ ಒಬ್ಬ ಕಾನೂನು ತಜ್ಞರ ನೆರವು ಪಡೆಯಬಹುದು, ಅಷ್ಟೇ. ಮನೆ ಜಗಳದ ನಡುವೆ ಕರಿ ಕೋಟು ಬಂದರೆ ಜಗಳ ಬೆಳೆಯುತ್ತೆ, ಗಂಡ ಹೆಂಡತಿ ನೇರವಾಗಿ ಜಡ್ಜ್ ಮುಂದೆ ಮಾತಾಡಲಿ ಅನ್ನೋದು ಆಸೆ. ಆಸೆ ತಪ್ಪಲ್ಲ, ಸೀಮೆಎಣ್ಣೆ ಅರ್ಜಿ ಓದಿದ ಮೇಲಂತೂ ನನಗೆ ಆ ಕಾಯ್ದೆ ಬರೆದವರ ಕಷ್ಟ ಅರ್ಥವಾಯಿತು. ಆದರೆ ನಡೆಯುವುದೇ ಬೇರೆ. ವಕಾಲತ್ತಿನ ಜೊತೆ ಅನುಮತಿ ಕೋರಿ ಒಂದು ಅರ್ಜಿ ಹಾಕುತ್ತಾರೆ, ಕೇಸು ಮಾಮೂಲಿ ಕೇಸಿನ ಹಾಗೆಯೇ ಸಾಗುತ್ತೆ. ಸಾಗಲೇಬೇಕು. ಅಫಿಡವಿಟ್, ಆಕ್ಷೇಪಣೆ, ಸಮನ್ಸ್, ಪ್ರೊಸೆಸ್ ಮೆಮೊ ಇದನ್ನೆಲ್ಲ ಏಳನೇ ಕ್ಲಾಸು ಓದಿದ ಟೈಲರ್ ಒಬ್ಬಳೇ ಮಾಡಲಿ ಅಂದರೆ ಅದು ಅವಳಿಗೆ ಬಾಗಿಲು ತೆರೆದ ಹಾಗಲ್ಲ.

ವಕೀಲರೇ ಬೇಡ ಅಂತ ಕಡ್ಡಿ ಮುರಿದಂತೆ ಹೇಳಿದ ಕಾಯ್ದೆಯೂ ಒಂದಿದೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆ, ಅದರ 17ನೇ ಸೆಕ್ಷನ್. ನಮ್ಮಲ್ಲಿ ಆ ಕೇಸುಗಳು ಎಸಿ (ಉಪವಿಭಾಗಾಧಿಕಾರಿ) ಕಚೇರಿಯಲ್ಲಿ ನಡೆಯುತ್ತವೆ. ನನ್ನ ದೊಡ್ಡಪ್ಪ ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟು, ಆಮೇಲೆ ಊಟಕ್ಕೂ ಕಷ್ಟವಾಗಿ ಅಲ್ಲಿಗೆ ಹೋಗಿದ್ದರು. "ಪತ್ರದಲ್ಲಿ ನಿಮ್ಮನ್ನು ನೋಡಿಕೊಳ್ಳಬೇಕು ಅನ್ನೋ ಷರತ್ತು ಎಲ್ಲಿದೆ?" ಎಂದು ಕೇಳಿದರಂತೆ. ಎಲ್ಲೂ ಇರಲಿಲ್ಲ. ಪತ್ರ ಬರಹಗಾರರು ಯಾವಾಗಲೂ ಬರೆಯುವಂತೆ "ಪ್ರೀತಿ ವಿಶ್ವಾಸದಿಂದ" ಅಂತ ಬರೆದಿದ್ದರು. ಇಂಥ ದಾನಪತ್ರ ರದ್ದಾಗಬೇಕಾದರೆ ಷರತ್ತು ಬೇಕೇ ಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2025ರ ಜನವರಿಯಲ್ಲಿ ಇನ್ನೊಂದು ಪೀಠ ಈ ಕಾಯ್ದೆಯನ್ನು ಹಿರಿಯರ ಕಡೆಗೆ ಉದಾರವಾಗಿ ಓದಬೇಕು ಎಂದಿತು. ಈ ಎರಡನ್ನೂ ಎಪ್ಪತ್ತಾರು ವರ್ಷದ ದೊಡ್ಡಪ್ಪ ಎಸಿ ಮುಂದೆ ನಿಂತು ವಾದಿಸಬೇಕಿತ್ತು. ಮಗ ಮಾತ್ರ ಯಾರಿಂದಲೋ ಚೆನ್ನಾಗಿ ಬರೆಸಿದ ಹತ್ತು ಪುಟದ ಉತ್ತರ ಹಿಡಿದು ಬಂದಿದ್ದ. ಬಾಗಿಲಲ್ಲಿ ವಕೀಲರನ್ನು ತಡೆದರೆ ದುಡ್ಡಿದ್ದವರ ವಕೀಲರು ಕಿಟಕಿಯಿಂದ ಬರುತ್ತಾರೆ. ಇರಲಿ, ಅದು ಬೇರೆ ಪುರಾಣ.

ನಮ್ಮ ಕೇಸಿಗೆ ಬರೋಣ. ಹೋದ ವರ್ಷ ಫೆಬ್ರವರಿಯಲ್ಲಿ ಅರ್ಜಿ ಹಾಕಿದ್ದು. 2024ರ ಜುಲೈಯಿಂದ ಕ್ರಿಮಿನಲ್ ಪ್ರಕ್ರಿಯೆಯ ಹಳೇ ಕಾಯ್ದೆ ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ ಬಂದಿದೆ, ಹಳೆಯದರಲ್ಲಿ 125 ಆಗಿದ್ದ ಜೀವನಾಂಶದ ಸೆಕ್ಷನ್ ಈಗ 144, ಆದರೂ ಕೋರ್ಟಿನ ಕಾರಿಡಾರಿನಲ್ಲಿ ಎಲ್ಲರ ಬಾಯಲ್ಲೂ ಇನ್ನೂ "ಒನ್ ಟ್ವೆಂಟಿಫೈವ್". ಕೇಸು ಮುಗಿಯುವವರೆಗೆ ಕೊಡಿಸುವ ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನದೊಳಗೆ ಆದಷ್ಟು ಮಟ್ಟಿಗೆ ಮುಗಿಸಬೇಕು ಅಂತ ಕಾನೂನು. ನೋಟಿಸ್ ಜಾರಿಯಾದರೆ ತಾನೇ? ಎರಡು ಸಲ "ಬಾಗಿಲು ಹಾಕಿದೆ" ಅನ್ನೋ ಷರಾ ಬರೆಸಿಕೊಂಡು ವಾಪಸ್ ಬಂತು. ಮೂರನೇ ಸಲ ಕಾರ್ಖಾನೆಯ ವಿಳಾಸಕ್ಕೆ ಕಳಿಸಿದರು. ಆಮೇಲೆ ಆತ ಬಂದ.

ಬಂದವನು ಹಾಕಿದ ಆಕ್ಷೇಪಣೆಯಲ್ಲಿ ಎರಡು ಮಾತಿತ್ತು. ನಾನು ಕೆಲಸ ಬಿಟ್ಟಿದ್ದೇನೆ. ಅವಳಿಗೆ ಹೊಲಿಗೆಯ ದುಡ್ಡಿದೆ, ಗೃಹಲಕ್ಷ್ಮಿಯ 2,000 ಬರುತ್ತೆ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಇರೋದು ಆತನ ಅಮ್ಮನ ಹೆಸರು, ಗೃಹಲಕ್ಷ್ಮಿ ಹೋಗ್ತಿರೋದೂ ಅಲ್ಲಿಗೇ! ವಕೀಲರು ಕಾರ್ಡಿನ ನಕಲು ಇಟ್ಟರು, ಸಂಬಳದ ದಾಖಲೆ ತರಿಸಬೇಕು ಅಂತ ಅರ್ಜಿ ಹಾಕಿದರು. ಗಲಾಟೆ ಇಲ್ಲ, ಟಿವಿಯಲ್ಲಿ ತೋರಿಸುವ ಹಾಗೆ ಮೇಜು ಕುಟ್ಟುವುದಿಲ್ಲ. ಮೂರು ನಿಮಿಷದ ಕೆಲಸ. ಆ ಮೂರು ನಿಮಿಷಕ್ಕೆ ಬೆಳಿಗ್ಗೆ ಹನ್ನೊಂದರಿಂದ ಮೂರೂವರೆವರೆಗೆ ಕಾದಿದ್ದೆವು. ಬಸ್ಸಿಗೆ ಶಕ್ತಿ ಯೋಜನೆ ಇದ್ದದ್ದರಿಂದ ದುಡ್ಡು ಹೋಗಲಿಲ್ಲ, ಆದರೆ ವಾಯಿದೆ ಇದ್ದ ದಿನ ಎರಡು ಬ್ಲೌಸ್ ಹೊಲಿಗೆ ಹೋಯಿತು ಅಂತಲೇ ಲೆಕ್ಕ.

ನಡುವೆ ರಾಜಿ ಮಾತುಕತೆಗೆ, ಅಂದರೆ ಮೀಡಿಯೇಷನ್‌ಗೂ ಕಳಿಸಿದರು. ಅವಳ ಅಮ್ಮನೂ ಬಂದಿದ್ದರು, "ಹೊಂದ್ಕೊಂಡು ಹೋಗು" ಅನ್ನೋ ಹಳೇ ರಾಗ. ಒಳಗೆ ಹೋಗುವ ಮುಂಚೆ ವಕೀಲರು ಇವಳನ್ನು ಮೆಟ್ಟಿಲ ಹತ್ತಿರ ಕರೆದು, "ವಾಪಸ್ ಹೋಗ್ತೀನಿ ಅಂದ್ರೆ ಹೋಗಿ, ನಾನೇನೂ ಬೇಜಾರು ಮಾಡ್ಕೊಳಲ್ಲ. ಹೋಗಲ್ಲ ಅಂದ್ರೂ ಸರಿ. ಆದ್ರೆ ಅಮ್ಮ ಹೇಳಿದ್ದು ಬೇಡ, ನಾನು ಹೇಳಿದ್ದೂ ಬೇಡ" ಎಂದರು. ಅವಳು ಹೋಗಲ್ಲ ಅಂದಳು. ಆದರೆ ತಿಂಗಳ ಮೊದಲ ಭಾನುವಾರ ಮಗಳು ಅಪ್ಪನ ಜೊತೆ ಇರಬಹುದು ಅಂತ ಒಪ್ಪಿಕೊಂಡಳು. ಅದನ್ನು ಒಪ್ಪಿಸಿದ್ದು ವಕೀಲರೇ. ದುಡ್ಡು ಕೊಡದಿದ್ದರೆ ಮಗಳನ್ನು ತೋರಿಸಲ್ಲ ಅನ್ನೋ ಮಾತು ಮಾತ್ರ ಯಾವತ್ತೂ ಬಾಯಿಂದ ಬರಬಾರದು ಎಂದು ಗದರಿದ್ದರು. ಇವರು ಯಾರ ಕಡೆ ವಕೀಲರು ಅಂತ ಅವಳಮ್ಮನಿಗೆ ಅನುಮಾನ ಬಂದಿತ್ತು. ಭಾನುವಾರಗಳಲ್ಲಿ ಆ ಅತ್ತೆ ಮೊಮ್ಮಗಳ ಕೈಯಲ್ಲಿ ಚಕ್ಕುಲಿ ಕಳಿಸುತ್ತಾರೆ. ಸೀಮೆಎಣ್ಣೆ ಸುರಿದಿದ್ದವರು ಅಂತ ಬರೆಸಿಕೊಳ್ಳಬೇಕಾಗಿದ್ದವರು.

ನವೆಂಬರಿನಲ್ಲಿ ಮಧ್ಯಂತರ ಆದೇಶ ಬಂತು. ಅವಳಿಗೆ 4,500, ಮಗಳಿಗೆ 3,000, ಅರ್ಜಿ ಹಾಕಿದ ದಿನದಿಂದ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತಾರೆ ನಮ್ಮ ಕಡೆ. ಗೆದ್ದ ಮೇಲೂ ದುಡ್ಡು ತಾನಾಗಿ ಬರಲಿಲ್ಲ. ಮೊದಲ ತಿಂಗಳು ಹಾಕಿದ, ಆಮೇಲೆ ಅಷ್ಟಿಷ್ಟು, ಆಮೇಲೆ ಏನೂ ಇಲ್ಲ. ನಾನಾಗಿದ್ದರೆ ಕೊಡ್ತಾನೆ ಬಿಡು ಅಂತ ಸುಮ್ಮನಾಗುತ್ತಿದ್ದೆ. ವಕೀಲರೇ ಫೋನ್ ಮಾಡಿ ಎಚ್ಚರಿಸಿದರು. ಬಾಕಿ ವಸೂಲಿಗೆ ವಾರಂಟ್ ಬೇಕೆಂದರೆ ಹಣ ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ತಡವಾದರೆ ಆ ದಾರಿ ಮುಚ್ಚುತ್ತೆ. ಅರ್ಜಿ ಹಾಕಿದ್ದಾಯಿತು.

ನಿನ್ನೆ ಬ್ಲೌಸಿನ ಅಳತೆ ಕೊಡಲು ಹೋದಾಗ ಪುಸ್ತಕ ತಿರುವಿ ತೋರಿಸಿದಳು. ಹದಿನಾಲ್ಕು ತಿಂಗಳಿಗೆ ಬರಬೇಕಾದ್ದು 1,05,000. ಬಂದದ್ದು 40,000. ಬಾಕಿ 65,000. ಕೆಳಗೆ ಮುಂದಿನ ವಾಯಿದೆಯ ತಾರೀಖು, ಅದಕ್ಕೆ ಎರಡು ಗೆರೆ. ಅವತ್ತೇ ಮಗಳ ಶಾಲೆಯಲ್ಲಿ ರಿಸಲ್ಟ್ ಕೊಡುತ್ತಾರೆ. "ನೀವು ಸ್ಕೂಲಿಗೆ ಹೋಗ್ಬಿಡಿ ಅಕ್ಕ" ಎಂದಳು. "ಕೋರ್ಟಿಗೆ ನಾನೊಬ್ಳೇ ಹೋಗ್ತೀನಿ."