ಕ್ಯಾರಿಬೂ ಬೇಟೆ: ಮುಂಗಡ ಕಳಿಸುವ ಮೊದಲು ಹಿಂಡು ಎಲ್ಲಿದೆ ಕೇಳಿ

ಉತ್ತರ ಅಮೆರಿಕದ ಹಿಮಸಾರಂಗ ಕ್ಯಾರಿಬೂವಿನ ಬೇಟೆಗೆ ಹೋಗಿ ಬರಿಗೈಲಿ ಬಂದವರ ದೂರು ಹೆಚ್ಚುಕಡಿಮೆ ಒಂದೇ. ಟೆಂಟ್ ಚೆನ್ನಾಗಿತ್ತು, ಗೈಡ್ ಒಳ್ಳೆಯವನೇ, ಊಟಕ್ಕೂ ಕೊರತೆಯಿರಲಿಲ್ಲ. ಏಳು ದಿನ ಬೈನಾಕ್ಯುಲರ್ ಹಿಡಿದು ಗುಡ್ಡದ ಮೇಲೆ ಕೂತರೂ ಒಂದು ಕೊಂಬೂ ಕಾಣಲಿಲ್ಲ, ಅಷ್ಟೆ. ಇದರಲ್ಲಿ ಮೋಸ ಎನ್ನುವಂಥದ್ದು ಅಪರೂಪ. ಔಟ್‌ಫಿಟರ್ (ಬೇಟೆ ಪ್ರವಾಸ ಏರ್ಪಡಿಸುವವನು) ಹತ್ತು ವರ್ಷದ ಹಿಂದಿನ ಕ್ಯಾಲೆಂಡರ್ ಹಿಡಿದು ವಾರಗಳನ್ನು ಮಾರುತ್ತಿರುತ್ತಾನೆ, ಪ್ರಾಣಿ ಆ ಕ್ಯಾಲೆಂಡರ್ ಬಿಟ್ಟು ಬಹಳ ಕಾಲವಾಗಿರುತ್ತದೆ.

ಅಲಾಸ್ಕಾದ ವಾಯವ್ಯ ಮೂಲೆಯ ವೆಸ್ಟರ್ನ್ ಆರ್ಕ್ಟಿಕ್ ಹಿಂಡನ್ನೇ ನೋಡಿ. ಸೆಪ್ಟೆಂಬರ್ ಬಂತೆಂದರೆ ಕೋಬುಕ್ ನದಿ ದಾಟಿ ದಕ್ಷಿಣಕ್ಕೆ ಇಳಿಯುತ್ತಿದ್ದ ಹಿಂಡು ಈಗ ತಡಮಾಡುತ್ತಿದೆ, ಕೆಲವು ವರ್ಷ ಅಕ್ಟೋಬರ್ ಕಳೆದರೂ ಬರುವುದಿಲ್ಲ. 2003ರಲ್ಲಿ 4.9 ಲಕ್ಷದಷ್ಟಿದ್ದದ್ದು 2023ರ ಎಣಿಕೆಯಲ್ಲಿ 1.52 ಲಕ್ಷಕ್ಕೆ ಇಳಿದಿದೆ. ನೈಋತ್ಯ ಅಲಾಸ್ಕಾದ ಮಲ್ಚಾಟ್ನಾ ಹಿಂಡು ತೊಂಬತ್ತರ ದಶಕದಲ್ಲಿ ಸುಮಾರು ಎರಡು ಲಕ್ಷ ಇತ್ತು. 2019ರ ಹೊತ್ತಿಗೆ ಹದಿಮೂರು ಸಾವಿರ ಉಳಿದಿತ್ತು, 2021ರಲ್ಲಿ ಬೇಟೆಯನ್ನೇ ನಿಲ್ಲಿಸಿದರು. ಆದ್ದರಿಂದ ಔಟ್‌ಫಿಟರ್‌ಗೆ ಕೇಳುವ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ಕೊಂಬಿನ ಅಳತೆಯದ್ದೂ ಅಲ್ಲ. ಯಾವ ಹಿಂಡು, ಯಾರ ಜಮೀನು, ಕಳೆದ ಮೂರು ವರ್ಷ ಇದೇ ವಾರದಲ್ಲಿ ಇದೇ ಕ್ಯಾಂಪಿನಿಂದ ಎಷ್ಟು ಜನ ಎಷ್ಟು ಪ್ರಾಣಿ ಕಂಡರು? ಹಿಂಡಿನ ಹೆಸರು ಹೇಳದೆ ‘ನಮ್ಮಲ್ಲಿ ಶೇ. 95 ಯಶಸ್ಸು’ ಎನ್ನುವವರ ಜೊತೆ ಮಾತು ಮುಂದುವರಿಸಬೇಕಾಗಿಲ್ಲ.

ಹಿಂಡು ಬರದಿದ್ದರೆ ಕ್ಯಾಂಪ್ ಎತ್ತಿ ಬೇರೆ ಕಡೆ ಹಾಕುತ್ತಾನೆಯೇ ಎಂಬುದು ಎರಡನೆಯ ಪ್ರಶ್ನೆ. ಅಲಾಸ್ಕಾದಲ್ಲಿ ನೋಂದಾಯಿತ ಗೈಡ್ ಒಂದು ಸಲಕ್ಕೆ ಗರಿಷ್ಠ ಮೂರು ‘ಗೈಡ್ ಯೂಸ್ ಏರಿಯಾ’ಗಳಲ್ಲಿ (ಗೈಡ್‌ಗಳಿಗೆ ಗುರುತಿಸಿದ ವಲಯ) ಮಾತ್ರ ಕೆಲಸ ಮಾಡಬಹುದು. ಒಂದೇ ಕಣಿವೆಯಲ್ಲಿ ಒಂದೇ ಕ್ಯಾಂಪ್ ಇರುವವನಿಗೆ ನಿಮ್ಮನ್ನು ಸರಿಸಲು ಜಾಗವೇ ಇರುವುದಿಲ್ಲ. ಜಾಗ ಬದಲಿಸುವ ವಿಮಾನದ ಖರ್ಚು ಯಾರದ್ದು ಎಂಬುದನ್ನೂ ಅದೇ ಉಸಿರಿನಲ್ಲಿ ಕೇಳಿ.

ಜಮೀನಿನ ವಿಷಯಕ್ಕೆ ಬಂದರೆ ರಾಜ್ಯದ ನಿಯಮ ಒಂದು, ಫೆಡರಲ್ ನಿಯಮ ಇನ್ನೊಂದು. 2022ರಲ್ಲಿ ಫೆಡರಲ್ ಸಬ್‌ಸಿಸ್ಟೆನ್ಸ್ ಬೋರ್ಡ್ (ಹೊಟ್ಟೆಪಾಡಿನ ಬೇಟೆಯ ನಿಯಮ ಮಾಡುವ ಕೇಂದ್ರ ಮಂಡಳಿ) ಅದೇ ವಾಯವ್ಯ ಮೂಲೆಯ ನೋಟಾಕ್ ಸುತ್ತಲಿನ ಫೆಡರಲ್ ಜಮೀನಿನ ದೊಡ್ಡ ಭಾಗವನ್ನು ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹೊರಗಿನ ಬೇಟೆಗಾರರಿಗೆ ಮುಚ್ಚಿತು. ಅಲ್ಲಿನ ಹಳ್ಳಿಗಳ ಇನುಪಿಯಾಟ್ ಮೂಲನಿವಾಸಿಗಳಿಗೆ ಚಳಿಗಾಲದ ಅನ್ನವೇ ಕ್ಯಾರಿಬೂ. ಹಿಂಡಿನ ಮುಂಚೂಣಿಗೆ ವಿಮಾನ, ಟೆಂಟ್ ಅಡ್ಡ ಬಂದರೆ ಹಿಂಡು ದಾರಿ ತಪ್ಪುತ್ತದೆ ಎಂಬುದು ಅವರ ಹಳೆಯ ತಕರಾರು, ಅದರಲ್ಲಿ ಹುರುಳಿದೆ. ಈ ಮಾತನ್ನು ತಮಾಷೆ ಮಾಡುವ ಔಟ್‌ಫಿಟರ್ ಊರಿನವರ ಜೊತೆ ಹೇಗಿರುತ್ತಾನೆ ಎಂಬುದನ್ನು ಊಹಿಸಿಕೊಳ್ಳಿ.

ಕೆನಡಾದ ಕ್ವಿಬೆಕ್ ಕಥೆ ಇನ್ನೂ ಕಹಿ. ಒಂದು ಕಾಲಕ್ಕೆ ಕ್ಯಾರಿಬೂ ಬೇಟೆ ಎಂದರೆ ಕ್ವಿಬೆಕ್ ಎಂಬಂತಿತ್ತು. ಲೀಫ್ ರಿವರ್ ಹಿಂಡು 2011ರಲ್ಲಿ ಸುಮಾರು 4.3 ಲಕ್ಷ ಇದ್ದದ್ದು 2016ರಲ್ಲಿ ಎರಡು ಲಕ್ಷಕ್ಕೆ ಇಳಿಯಿತು. ಆ ವರ್ಷ ಡಿಸೆಂಬರ್‌ನಲ್ಲಿ ಸರ್ಕಾರ ಘೋಷಿಸಿತು, 2018ರ ಫೆಬ್ರುವರಿ 1ರಿಂದ ಕ್ರೀಡಾ ಬೇಟೆ ಬಂದ್. ಪಕ್ಕದ ಲ್ಯಾಬ್ರಡಾರ್‌ನಲ್ಲಿ 2013ರಲ್ಲೇ ನಿಷೇಧ ಬಂದಿತ್ತು. ಹೀಗೆ ಸೀಸನ್ ಮುಚ್ಚಿದಾಗ ನಿಮ್ಮ ಮುಂಗಡ ಏನಾಗುತ್ತದೆ ಎಂಬ ಸಾಲು ಕರಾರಿನಲ್ಲಿ ಇರಲೇಬೇಕು: ವಾಪಸ್ ಬರುತ್ತದೆಯೇ, ಮುಂದಿನ ವರ್ಷಕ್ಕೆ ಹೋಗುತ್ತದೆಯೇ, ಅಥವಾ ‘ಮೂಸ್ ಬೇಟೆಗೆ ಬದಲಿಸಿಕೊಳ್ಳಿ’ ಎನ್ನುತ್ತಾರೆಯೇ. ಅಂದಹಾಗೆ, ಜಾಹೀರಾತಿನ ಫೋಟೊಗಳಿಗೆ ವರ್ಷ ಕೇಳಿ. ಗೋಡೆಯ ಮೇಲಿನ ಭಾರಿ ಕೊಂಬುಗಳು ಎಷ್ಟೋ ಸಲ ಮುಚ್ಚಿಹೋದ ಹಿಂಡಿನವು.

ಅಲಾಸ್ಕಾದಲ್ಲಿ ಜನ ಹೆಚ್ಚು ಎಡವುವುದು ಗೈಡ್ ಯಾರು, ಟ್ರಾನ್ಸ್‌ಪೋರ್ಟರ್ ಯಾರು ಎಂಬಲ್ಲಿ. ಬೇಟೆಯ ಕರಾರು ಮಾಡುವ ಅಧಿಕಾರ ಇರುವುದು ರಿಜಿಸ್ಟರ್ಡ್ ಗೈಡ್-ಔಟ್‌ಫಿಟರ್‌ಗೆ ಮಾತ್ರ. ಕ್ಲಾಸ್-ಎ ಅಸಿಸ್ಟೆಂಟ್, ಅಸಿಸ್ಟೆಂಟ್ ಗೈಡ್‌ಗಳು ಅವನ ಕೈಕೆಳಗೆ ದುಡಿಯುವವರು, ನೇರವಾಗಿ ಗ್ರಾಹಕರನ್ನು ಹಿಡಿಯುವಂತಿಲ್ಲ. ಟ್ರಾನ್ಸ್‌ಪೋರ್ಟರ್ ಎಂದರೆ ನಿಮ್ಮನ್ನು ಕಾಡಿಗೆ ಬಿಟ್ಟು ವಾಪಸ್ ಕರೆತರುವವನು. ಪ್ರಾಣಿ ಹುಡುಕಿಕೊಡುವುದು, ಜೊತೆಗೆ ನಡೆಯುವುದು, ಸುಲಿದುಕೊಡುವುದು ಅವನಿಗೆ ನಿಷಿದ್ಧ. ಅಗ್ಗದ ‘ಗೈಡೆಡ್’ ಬೇಟೆ ಎಂದು ಕಂಡರೆ ಅದು ಬಹುಮಟ್ಟಿಗೆ ಟ್ರಾನ್ಸ್‌ಪೋರ್ಟರ್ ಕೊಡುವ ಡ್ರಾಪ್ ಕ್ಯಾಂಪ್, ಗೈಡ್ ಇಲ್ಲದೆ ಬಿಟ್ಟುಬರುವ ಬಿಡಾರ. ಬಿಗ್ ಗೇಮ್ ಕಮರ್ಷಿಯಲ್ ಸರ್ವಿಸಸ್ ಬೋರ್ಡ್ ಕೊಡುವ ಲೈಸೆನ್ಸ್‌ಗಳನ್ನು ರಾಜ್ಯದ ವಾಣಿಜ್ಯ ಇಲಾಖೆಯ ತಾಣದಲ್ಲಿ ಹೆಸರು ಹಾಕಿ ಐದು ನಿಮಿಷದಲ್ಲಿ ನೋಡಬಹುದು. ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಕರಾರಿನ ಮೇಲಿನ ಹೆಸರೂ ಅದೇ ಹೆಸರೇ, ಎರಡೂ ತಾಳೆಯಾಗಬೇಕು. ಕರಾರು ಮಾಡಿದ ಗೈಡ್ ನಿಮ್ಮ ಬೇಟೆಯ ಅವಧಿಯಲ್ಲಿ ಒಮ್ಮೆಯಾದರೂ ಖುದ್ದು ಕಾಡಿನಲ್ಲಿ ನಿಮ್ಮ ಜೊತೆ ಇರಬೇಕು ಎಂಬುದು ಕಾನೂನು. ಕಮಿಷನ್ ಏಜೆಂಟನ ಮೂಲಕ ಹೋಗುವುದಾದರೆ ಏಜೆಂಟನ ರಸೀದಿಗೆ ತೃಪ್ತರಾಗಬೇಡಿ, ಗೈಡ್ ಸಹಿ ಹಾಕಿದ ಕರಾರು ಕೈಗೆ ಬರಲಿ.

ಗೈಡ್ ಬೇಕೇ ಬೇಡವೇ ಎಂಬುದು ನಿಮ್ಮ ಪಾಸ್‌ಪೋರ್ಟಿನ ಮೇಲೆ ನಿಂತಿದೆ. ಹೊರರಾಜ್ಯದ ಅಮೆರಿಕನ್ ಪ್ರಜೆಗೆ ಅಲಾಸ್ಕಾದಲ್ಲಿ ಕಂದು ಕರಡಿ, ಡಾಲ್ ಕುರಿ, ಬೆಟ್ಟದ ಮೇಕೆಗೆ ಗೈಡ್ ಕಡ್ಡಾಯ; ಕ್ಯಾರಿಬೂಗೆ ಇಲ್ಲ. ಅಮೆರಿಕದಲ್ಲಿ ವಾಸವಿಲ್ಲದ ವಿದೇಶಿ ಪ್ರಜೆಗೆ ದೊಡ್ಡ ಪ್ರಾಣಿ ಯಾವುದಾದರೂ ಗೈಡ್ ಇರಲೇಬೇಕು. ಬೆಂಗಳೂರಿನಿಂದ ನೇರ ಬರುವವರು ಈ ಎರಡನೆಯ ಸಾಲಿಗೆ. ಸಿಯಾಟಲ್, ಸ್ಯಾನ್ ಹೋಸೆ ಕಡೆಯ ನಮ್ಮವರು ಎಚ್-1ಬಿ ಮೇಲಿದ್ದರೆ ಯಾವ ವರ್ಗಕ್ಕೆ ಬರುತ್ತಾರೆಂದು ಅಲಾಸ್ಕಾದ ಫಿಶ್ ಅಂಡ್ ಗೇಮ್ ಇಲಾಖೆಗೇ ಬರೆದು ಕೇಳಿ, ಉತ್ತರವನ್ನು ಪ್ರಿಂಟ್ ಹಾಕಿಟ್ಟುಕೊಳ್ಳಿ. ತಾತ್ಕಾಲಿಕ ವೀಸಾದವರು ಬಂದೂಕು, ಗುಂಡು ಕೈಯಲ್ಲಿ ಹಿಡಿಯುವುದೇ ಫೆಡರಲ್ ಅಪರಾಧ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿ ಹಂಟಿಂಗ್ ಲೈಸೆನ್ಸ್. ಅಂದರೆ ಲೈಸೆನ್ಸ್ ಮೊದಲು, ರೇಂಜ್‌ನಲ್ಲಿ ಅಭ್ಯಾಸ ಆಮೇಲೆ. ಹೊರರಾಜ್ಯದವರಿಗೆ ಲೈಸೆನ್ಸ್ 160 ಡಾಲರ್, ಒಂದು ಕ್ಯಾರಿಬೂ ಹೊಡೆಯುವ ಟ್ಯಾಗ್ 650 ಡಾಲರ್. ವಿದೇಶಿಯರಿಗೆ ಇದಕ್ಕಿಂತ ಹೆಚ್ಚು. ಇದು ಬಹುಪಾಲು ಪ್ಯಾಕೇಜಿನ ಹೊರಗಿನ ಖರ್ಚು.

ಮುಂಗಡ ಸಾಮಾನ್ಯವಾಗಿ ಅರ್ಧ ಕೇಳುತ್ತಾರೆ. ಕರಾರಿನಲ್ಲಿ ದಿನಗಳ ಲೆಕ್ಕ ನೋಡಿ: ‘ಏಳು ದಿನ’ ಎಂದರೆ ಏಳು ಬೇಟೆಯ ದಿನವೋ, ಹೋಗಿಬರುವ ದಿನ ಸೇರಿ ಏಳೋ. ಅಲಾಸ್ಕಾದಲ್ಲಿ ಸಣ್ಣ ವಿಮಾನದಲ್ಲಿ ಇಳಿದ ದಿನ ಗುಂಡು ಹಾರಿಸುವಂತಿಲ್ಲ, ಮರುದಿನ ಬೆಳಗಿನ ಜಾವ ಮೂರು ಗಂಟೆಯವರೆಗೆ ಕಾಯಬೇಕು. ಹೋಗುವ ದಿನ, ಬರುವ ದಿನ ಕಳೆದರೆ ಏಳು ಐದಾಗುತ್ತದೆ.

ಇನ್ನು ಆ ಸಣ್ಣ ವಿಮಾನ. ಬೇಟೆಯ ಪ್ಲಾನ್ ಕೆಡುವುದು ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲೇ. ವಾಯವ್ಯದ ಊರು ಕಾಟ್ಸಬ್ಯೂವರೆಗೆ ಅಲಾಸ್ಕಾದ ದೊಡ್ಡ ನಗರ ಆಂಕರೇಜ್‌ನಿಂದ ಜೆಟ್ ಇದೆ, ಅಲ್ಲಿಂದ ಮುಂದೆ ಸೂಪರ್ ಕಬ್ ಅಥವಾ ಸೆಸ್ನಾ 206. ಸೂಪರ್ ಕಬ್‌ನಲ್ಲಿ ಪೈಲಟ್ ಬಿಟ್ಟು ಒಬ್ಬರಿಗೆ ಜಾಗ. ತಲೆಗೆ ಇಂತಿಷ್ಟು ಲಗೇಜು ಎಂಬ ಮಿತಿ ಇರುತ್ತದೆ, ಬಂದೂಕು ಸೇರಿ 50ರಿಂದ 70 ಪೌಂಡ್. ಗಟ್ಟಿ ಪೆಟ್ಟಿಗೆ ಹತ್ತುವುದಿಲ್ಲ, ಮೆತ್ತನೆ ಚೀಲವೇ ಬೇಕು. ಮಂಜು ಕವಿದರೆ ಒಂದು ದಿನ, ಎರಡು ದಿನ, ಕೆಲವೊಮ್ಮೆ ನಾಲ್ಕು ದಿನ ಹಾರುವುದಿಲ್ಲ. ಹಾರುವುದಿಲ್ಲ ಎನ್ನುವ ಪೈಲಟ್‌ನನ್ನು ಬೈಯಬೇಡಿ, ಆತನನ್ನು ಹೊಗಳಿ ಕಾಫಿ ಕೊಡಿಸಿ. ಬೈಯಬೇಕಾದ್ದು ಒಂದೇ ದಿನ ಹನ್ನೆರಡು ಜನರನ್ನು ಬುಕ್ ಮಾಡಿ ಒಂದೇ ವಿಮಾನ ಇಟ್ಟುಕೊಂಡ ಔಟ್‌ಫಿಟರನ್ನು. ಅರ್ಧ ದಿನ ಮೋಡ ಕವಿದರೂ ಸರದಿ ಮೂರು ದಿನ ಹಿಂದೆ ಬೀಳುತ್ತದೆ. ಮೊದಲೇ ಕೇಳಿ: ಆ ವಾರ ಎಷ್ಟು ಜನ, ಎಷ್ಟು ವಿಮಾನ, ವಿಮಾನ ನಡೆಸುವವರಿಗೆ ಎಫ್‌ಎಎಯ ಪಾರ್ಟ್ 135 ಪ್ರಮಾಣಪತ್ರ (ಬಾಡಿಗೆಗೆ ವಿಮಾನ ಹಾರಿಸುವ ಸರ್ಕಾರಿ ಪರವಾನಗಿ) ಇದೆಯೇ. ವಾಪಸ್ ಟಿಕೆಟ್‌ಗೆ ಮೂರು ದಿನ ಸಡಿಲ ಬಿಡಿ.

ಕಾಯುವ ದಿನಗಳ ರೂಮಿನ ಬಾಡಿಗೆ ನಿಮ್ಮ ಜೇಬಿನಿಂದಲೇ. ಸೀಸನ್‌ನಲ್ಲಿ ಇಂಥ ಊರುಗಳ ಸಾಧಾರಣ ರೂಮಿಗೂ ಆಂಕರೇಜ್‌ನ ಒಳ್ಳೆಯ ಹೋಟೆಲಿನ ಬೆಲೆ. ಔಟ್‌ಫಿಟರ್ ಬಳಿ ಹ್ಯಾಂಗರ್ ಪಕ್ಕ ಮಂಚ ಹಾಕಿದ ಬಂಕ್‌ಹೌಸ್ ಇದ್ದರೆ ಅದೇ ಸಾಕು. ಗೊರಕೆ, ಒದ್ದೆ ಸಾಕ್ಸಿನ ವಾಸನೆ ತಡೆಯಲಾಗದವರು ಈ ಪ್ರವಾಸಕ್ಕೇ ಬರಬಾರದು.

ಊಟಕ್ಕೆ ಬೇಜಾರಿಲ್ಲ. ಅಲಾಸ್ಕಾದ ರಸ್ತೆಯಿಲ್ಲದ ಊರುಗಳಲ್ಲಿ ಕೊರಿಯಾ ಮೂಲದವರು ನಡೆಸುವ ಸಣ್ಣ ಹೋಟೆಲುಗಳು ಕಣ್ಣಿಗೆ ಬೀಳುತ್ತವೆ. ಒಂದೇ ಅಡುಗೆಮನೆಯಿಂದ ಬರ್ಗರ್, ಪಿಜ್ಜಾ, ತೆರಿಯಾಕಿ, ಹುರಿದನ್ನ ಎಲ್ಲ ಹೊರಡುತ್ತದೆ. ಬೆಲೆ ಆಂಕರೇಜ್‌ಗಿಂತ ಜಾಸ್ತಿಯೇ, ಆದರೆ ಒಂದು ತಟ್ಟೆ ಇಬ್ಬರಿಗೆ ಸಾಕು. ಮಂಜಿನಲ್ಲಿ ಎರಡು ದಿನ ಕಳೆದವರಿಗೆ ಬಿಸಿ ಅನ್ನ, ಮೊಟ್ಟೆ, ಹಬೆಯಾಡುವ ಸೂಪು ಮುಂದೆ ಬಂದರೆ ರೂಮಿನ ಬಾಡಿಗೆ ಅರ್ಧ ಮರೆತುಹೋಗುತ್ತದೆ. ಖಾರ ಬೇಕೆಂದರೆ ಸಂಕೋಚವಿಲ್ಲದೆ ಕೇಳಿ, ಬರ್ಗರ್ ಹೋಟೆಲಿನವರಂತೆ ಮುಖ ನೋಡುವುದಿಲ್ಲ. ಕ್ಯಾಂಪಿಗೆ ಗೊಜ್ಜವಲಕ್ಕಿ ಪುಡಿ ಮಿಶ್ರಣ ಒಯ್ಯಿರಿ. ಕಿಲೋ ತೂಕದ್ದು ಆರೇಳು ಹೊತ್ತಿಗೆ ಬರುತ್ತದೆ, ಬಿಸಿನೀರಿದ್ದರೆ ಆಯಿತು. ಪೌಂಡ್ ಲೆಕ್ಕದಲ್ಲಿ ಫ್ರೀಜ್-ಡ್ರೈ ಪೊಟ್ಟಣಗಳಿಗೆ ಏನೂ ಕಮ್ಮಿಯಿಲ್ಲ.

ಪ್ರಾಣಿ ಬಿದ್ದ ಮೇಲೆ ಅಸಲಿ ಖರ್ಚು ಶುರು. ದೊಡ್ಡ ಗಂಡು ಕ್ಯಾರಿಬೂ 160ರಿಂದ 180 ಕಿಲೋ ತೂಗುತ್ತದೆ. ಎಲುಬು ಬಿಡಿಸಿದರೂ ಮಾಂಸ 45ರಿಂದ 60 ಕಿಲೋ. ಅಂದರೆ ಸೂಪರ್ ಕಬ್‌ಗೆ ಮಾಂಸದ್ದೇ ಬೇರೆ ಟ್ರಿಪ್. ಅದು ಬೆಲೆಯಲ್ಲಿ ಸೇರಿದೆಯೇ ಎಂಬುದು ಕರಾರಿನಲ್ಲಿ ಇಲ್ಲದಿದ್ದರೆ ಕೊನೆಯ ದಿನ ಬಿಲ್ ಬರುತ್ತದೆ. ನಾಲ್ಕು ಕಾಲು, ಕತ್ತು, ಎದೆ, ಪಕ್ಕೆಲುಬು, ಬೆನ್ನಿನ ಮಾಂಸ ಎಲ್ಲವನ್ನೂ ತರುವುದು ಕಾನೂನು. ಮಾಂಸ ಬಿಟ್ಟು ಮೊದಲು ಕೊಂಬು ಹಾರಿಸಿ ತಂದರೆ ಪ್ರಕರಣ. ಕೆಲವು ಬೇಟೆ ವಲಯಗಳಲ್ಲಿ ಮಾಂಸವನ್ನು ಎಲುಬಿನ ಜೊತೆಗೇ ತರಬೇಕು, ಆಗ ತೂಕ ಮತ್ತೂ ಏರುತ್ತದೆ. ಗಾಳಿಯಾಡುವ ಬಟ್ಟೆ ಚೀಲ ಪ್ರಾಣಿಗೆ ಐದಾರು ಬೇಕು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಒಂದೇ ದಿನಕ್ಕೆ ಹಳಸುತ್ತದೆ. ಮಾಂಸವನ್ನು ಟೆಂಟಿನಿಂದ ನೂರು ಗಜ ದೂರ, ಕುಳಿತಲ್ಲಿಂದ ಕಾಣುವ ಕಡೆ ಇಡುತ್ತಾರೆಯೇ, ಕರಡಿಗೆ ವಿದ್ಯುತ್ ಬೇಲಿ ಇದೆಯೇ, ಕೇಳಿ. ಸೆಪ್ಟೆಂಬರ್ ಕೊನೆಯಾದ ಮೇಲೆ ಬೆದೆಗೆ ಬಂದ ದೊಡ್ಡ ಗಂಡಿನ ಮಾಂಸ ನಾತ ಹೊಡೆಯುತ್ತದೆ. ‘ಅಕ್ಟೋಬರ್‌ನಲ್ಲಿ ಬನ್ನಿ, ಕೊಂಬು ಸೊಗಸು’ ಎನ್ನುವ ಔಟ್‌ಫಿಟರ್ ಇದನ್ನು ತಾನಾಗಿ ಹೇಳುವುದಿಲ್ಲ.

ಗೈಡ್‌ನ ಕಸುಬು ಅಳೆಯಲು ಒಂದು ಪ್ರಶ್ನೆ: ಹೆಣ್ಣನ್ನು ಹೇಗೆ ಗುರುತಿಸುತ್ತೀರಿ? ಜಿಂಕೆ ಕುಲದಲ್ಲಿ ಹೆಣ್ಣಿಗೂ ಕೊಂಬಿರುವುದು ಕ್ಯಾರಿಬೂ ಒಂದಕ್ಕೇ. ಕೊಂಬಿನ ಗಾತ್ರ ಎಂದು ಉತ್ತರಿಸುವವನು ಕಚ್ಚಾ. ಹಿಂಬದಿಯ ಕಪ್ಪು ಗುರುತು, ಹೊಟ್ಟೆಯ ಕೆಳಗಿನ ಗಂಡಿನ ಗುರುತು ನೋಡಿ ಹೇಳುವವನು ಬಲ್ಲವ. ಗಂಡಿಗಷ್ಟೇ ಪರವಾನಗಿ ಇರುವ ಕಡೆ ತಪ್ಪಿಗೆ ದಂಡ ಬೀಳುವುದು ಗುಂಡು ಹೊಡೆದವರಿಗೆ.

ಸಣ್ಣ ವಿಮಾನದ ಕಾಯುವಿಕೆ ಬೇಡವೇ ಬೇಡ ಎನ್ನುವವರು ಕೆನಡಾದ ಪೂರ್ವ ತುದಿಯ ದ್ವೀಪ ನ್ಯೂಫೌಂಡ್‌ಲ್ಯಾಂಡ್ ನೋಡಿ. ಅಲ್ಲಿಯದು ವುಡ್‌ಲ್ಯಾಂಡ್ ಕ್ಯಾರಿಬೂ, ಸಾವಿರ ಮೈಲಿ ವಲಸೆ ಹೋಗುವ ಜಾತಿಯಲ್ಲ. ನೋವಾ ಸ್ಕೋಷಿಯಾದ ನಾರ್ತ್ ಸಿಡ್ನಿಯಿಂದ ಫೆರಿಯಲ್ಲಿ ಸ್ವಂತ ಗಾಡಿ, ಫ್ರೀಜರ್ ಸಮೇತ ಹೋಗಬಹುದು. ಹೊರಗಿನವರಿಗೆ ಲೈಸೆನ್ಸ್ ಪಡೆದ ಔಟ್‌ಫಿಟರ್ ಕಡ್ಡಾಯ. ಆದರೆ ಅಲ್ಲಿಯೂ ಸಂಖ್ಯೆ ಕುಸಿದಿದೆ, ಪರವಾನಗಿ ಕಮ್ಮಿ, ಸರದಿ ಉದ್ದ. ನಾರ್ತ್‌ವೆಸ್ಟ್ ಟೆರಿಟರೀಸ್‌ನ ಮೆಕೆಂಜಿ ಪರ್ವತದಲ್ಲಿ ಇರುವುದೇ ಎಂಟು ಔಟ್‌ಫಿಟರ್‌ಗಳು, ಒಬ್ಬೊಬ್ಬರಿಗೂ ಬೇರೆ ಬೇರೆ ವಲಯ. ಪೈಪೋಟಿ ಇಲ್ಲದ್ದರಿಂದ ಬೇಟೆ ಚೆನ್ನ, ಬೆಲೆ ಕಣ್ಣು ಕುಕ್ಕುವಂಥದ್ದು. ಎರಡು ಕಡೆಗೂ ಬಂದೂಕು ಒಯ್ಯುವವರು ಕೆನಡಾ ಗಡಿಯಲ್ಲಿ ಘೋಷಣಾ ಫಾರಂ ತುಂಬಿ ಶುಲ್ಕ ಕಟ್ಟಬೇಕು, 60 ದಿನ ನಡೆಯುತ್ತದೆ. ಫಾರಂ ತುಂಬಿರಲಿ, ಸಹಿ ಮಾತ್ರ ಅಧಿಕಾರಿಯ ಮುಂದೆ.

ಹಳೆಯ ಗ್ರಾಹಕರ ಪಟ್ಟಿ ಕೇಳಿದರೆ ಎಲ್ಲರೂ ಕೊಡುತ್ತಾರೆ, ಪಟ್ಟಿಯಲ್ಲಿ ಇರುವವರು ಸಂತೋಷಪಟ್ಟವರೇ. ಕಳೆದ ಸೀಸನ್‌ನಲ್ಲಿ ಬರಿಗೈಲಿ ಹೋದ ಇಬ್ಬರ ನಂಬರ್ ಕೊಡಿ ಎನ್ನಿ. ಕೊಟ್ಟರೆ ಆ ಔಟ್‌ಫಿಟರ್‌ಗೆ ಅರ್ಧ ಅಂಕ ಅಲ್ಲೇ ಬಂತು. ಅವರನ್ನು ಕೇಳಬೇಕಾದ್ದು ಮೂರೇ: ವಿಮಾನಕ್ಕೆ ಎಷ್ಟು ದಿನ ಕಾದಿರಿ, ಕ್ಯಾಂಪ್ ಬದಲಿಸಿದರೇ, ಕರಾರಿನಲ್ಲಿ ಇಲ್ಲದ ಯಾವುದಕ್ಕೆ ಹಣ ಕೊಟ್ಟಿರಿ. ಫೋನ್ ಮಾಡುವುದು ಜನವರಿ-ಫೆಬ್ರುವರಿಯಲ್ಲಿ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕಸುಬಿನ ಔಟ್‌ಫಿಟರ್ ಕಾಡಿನಲ್ಲಿರುತ್ತಾನೆ. ಸೀಸನ್ ನಡುವೆ ಎರಡನೇ ರಿಂಗಿಗೇ ಫೋನ್ ಎತ್ತಿ ಅರ್ಧ ಗಂಟೆ ಆರಾಮಾಗಿ ಮಾತಾಡಿದರೆ, ಕ್ಯಾಂಪಿನಲ್ಲಿ ಈಗ ಯಾರಿದ್ದಾರೆ ಎಂದು ಕೇಳಿ.